ದೂರದ ಕಲ್ಲಿನಡಿಯ ಪೆಟ್ಟಿಗೆ

ಪರದೇಶಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ನಾಲ್ಕಾರು ತಿಂಗಳಿದ್ದು ಬರುವ ತಾಯಿತಂದೆಗಳು ಈಗ ನಮ್ಮ ವಾಚಕರಲ್ಲಿ ಅನೇಕರಿರುವರು. ಹಗಲೆಲ್ಲ ಮಗಳೂ ಅಳಿಯನೂ ಕೆಲಸಕ್ಕೆ ಹೋಗಿ, ಮೊಮ್ಮಕ್ಕಳು ಶಾಲೆಯಿಂದ ಬಂದೊಡನೆ ಪರದೆಯ ಮುಂದೆ ಕುಳಿತರೆ, ಅಲ್ಲಿ ಹಿರಿಯರಿಗೆ ಹೊತ್ತು ಹೋಗುವುದು ಬಹು ಕಷ್ಟ. ಅಂಥವರ ಉಪಯೋಗಕ್ಕಾಗಿ ಈ ತಿಂಗಳು ಒಂದು ವಿನೋದವನ್ನು ತಿಳಿಸಬೇಕೆಂದಿದ್ದೇನೆ. ವಿನೋದವೆಂದರೂ ಅದರೊಳಗೆ ಒಂದು ಹೊಣೆ ಅಡಗಿರುವುದು. ಆ ಹೊಣೆಯನ್ನು ಚೆನ್ನಾಗಿ ತಿಳಿಯದೆ ಕೈಹಾಕಿ ನಾನು ಪಟ್ಟ ಪಾಡನ್ನೂ ಮುಚ್ಚಿಡದೆ ಹೇಳುವೆನು.

ಈ ಆಟಕ್ಕೆ ಲೆಟರ್‌ಬಾಕ್ಸಿಂಗ್ ಎಂದು ಹೆಸರು. ಬೆಟ್ಟ ಬಯಲುಗಳಲ್ಲಿ ಒಬ್ಬರು ಒಂದು ಸಣ್ಣ ಪೆಟ್ಟಿಗೆಯನ್ನು ಬಚ್ಚಿಟ್ಟು, ಅದಿರುವ ಎಡೆಗೆ ಹೋಗುವ ಸುಳಿವನ್ನು ಬರೆದು ತಿಳಿಸುವರು. ಇತರರು ಆ ಸುಳಿವನ್ನು ಹಿಡಿದು ಹುಡುಕಿಕೊಂಡು ಹೋಗುವರು. ಪೆಟ್ಟಿಗೆಯಲ್ಲಿ ಒಂದು ರಬ್ಬರಿನ ಮೊಹರೂ ಒಂದು ಸಣ್ಣ ಪುಸ್ತಕವೂ ಇರುವುವು. ಹುಡುಕಿದವರು ಆ ಮೊಹರನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ತಾವು ತಂದಿರುವ ಸ್ವಂತ ಮೊಹರನ್ನು ಪೆಟ್ಟಿಗೆಯ ಪುಸ್ತಕದಲ್ಲಿ ಒತ್ತಿ, ತಾರೀಖು ಬರೆದು, ಎಲ್ಲವನ್ನೂ ಮೊದಲಿದ್ದಂತೆಯೇ ಮುಚ್ಚಿಟ್ಟು ಹಿಂದಿರುಗುವರು. ಗೆದ್ದವರಿಗೆ ಬಹುಮಾನವಿಲ್ಲ, ಸೋತವರಿಗೆ ದಂಡವಿಲ್ಲ. ಕಾಲಿಗೆ ನಡೆಗೆ, ಕಣ್ಣಿಗೆ ನೋಟ, ಬುದ್ಧಿಗೆ ಸ್ವಲ್ಪ ಕೆಲಸ, ಇಷ್ಟೇ ಇದರ ಲಾಭ.

ಇದರ ಹುಟ್ಟೂರು ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಸೀಮೆಯಲ್ಲಿರುವ ಡಾರ್ಟ್‌ಮೂರ್ ಎಂಬ ಎತ್ತರದ ಬಯಲು. ಷೆರ್ಲಾಕ್ ಹೋಮ್ಸನ ಕಥೆಗಳನ್ನು ಓದಿದವರಿಗೆ ಬಾಸ್ಕರ್‌ವಿಲ್ ಮನೆತನವನ್ನು ಬೆದರಿಸಿದ ನಾಯಿಯ ನೆನಪಿರಬಹುದು; ಆ ಕಥೆ ನಡೆಯುವುದು ಇಲ್ಲಿಯೇ. ಮರಗಳು ಅಪರೂಪ. ದಿಬ್ಬಗಳ ನೆತ್ತಿಯ ಮೇಲೆ ಟಾರ್ ಎಂದು ಕರೆಯುವ ಕಗ್ಗಲ್ಲಿನ ಗುಡ್ಡೆಗಳು, ತಗ್ಗಿನಲ್ಲಿ ಕಾಲಿಟ್ಟರೆ ಹೂತುಹೋಗುವ ಜೌಗು, ನಡುವೆ ಮೇಯುವ ಕುರಿಗಳು ಮತ್ತು ಗಿಡ್ಡ ಕುದುರೆಗಳು. ಬಿಸಿಲಿದ್ದ ಹೊತ್ತಿನಲ್ಲೇ ಮಂಜು ಕವಿದು ಹತ್ತು ಮಾರು ದೂರದ ಕಲ್ಲು ಕಾಣದಂತಾಗುವುದುಂಟು.

ಈ ಬಯಲಿನ ಉತ್ತರ ಭಾಗದ ನಟ್ಟನಡುವೆ ಕ್ರಾನ್‌ಮಿಯರ್ ಪೂಲ್ ಎಂಬ ಸ್ಥಳವಿದೆ. ಹೆಸರಿಗೆ ಕೊಳವಾದರೂ ಈಗ ಅಲ್ಲಿರುವುದು ಒದ್ದೆಯಾದ ಒಂದು ಹಳ್ಳ ಮಾತ್ರ. ನೀರು ಬತ್ತಿದುದಕ್ಕೆ ಅಲ್ಲಿಯವರು ಒಂದು ಕಥೆಯನ್ನು ಹೇಳುವರು. ಓಕ್‌ಹ್ಯಾಂಪ್ಟನ್ ಪಟ್ಟಣದ ಮುಖ್ಯಾಧಿಕಾರಿಯಾಗಿದ್ದವನೊಬ್ಬನು ಸತ್ತಮೇಲೆ ಪ್ರೇತವಾಗಿ ಕಾಡುತ್ತಿರಲು, ಜರಡಿಯಿಂದ ಈ ಕೊಳದ ನೀರನ್ನು ಬರಿದುಮಾಡಬೇಕೆಂದು ಅವನಿಗೆ ಶಿಕ್ಷೆ ವಿಧಿಸಿದರಂತೆ. ಪ್ರೇತವು ಬಲು ಜಾಣ. ಸತ್ತ ಕುರಿಯ ಚರ್ಮವನ್ನು ಜರಡಿಗೆ ಹೊದಿಸಿ ನೀರನ್ನೆಲ್ಲ ಒಮ್ಮೆಗೇ ಎತ್ತಿ ಚೆಲ್ಲಿ ಊರನ್ನೇ ಮುಳುಗಿಸಿತಂತೆ. ಕಥೆ ಹಾಗಿರಲಿ. ಚ್ಯಾಗ್‌ಫರ್ಡ್ ಎಂಬ ಊರಿನಲ್ಲಿ ಜೇಮ್ಸ್ ಪೆರಟ್ ಎಂಬಾತನು ಪ್ರವಾಸಿಗಳಿಗೆ ದಾರಿ ತೋರುವ ಕಸುಬಿನಲ್ಲಿದ್ದನು. ಇವನು ೧೮೫೪ರಲ್ಲಿ ಕ್ರಾನ್‌ಮಿಯರ್‌ನಲ್ಲಿ ಕಲ್ಲುಗಳನ್ನು ಗುಡ್ಡೆಮಾಡಿ ಅದರಲ್ಲಿ ಒಂದು ಸೀಸೆಯನ್ನಿಟ್ಟನು. ಅಷ್ಟು ದೂರ ಕಷ್ಟಪಟ್ಟು ನಡೆದುಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿಹೋಗುತ್ತಿದ್ದರು.

ಕಾಲಕ್ರಮದಲ್ಲಿ ಒಂದು ಸೊಗಸಾದ ಪದ್ಧತಿ ಬೆಳೆಯಿತು. ಬಂದವರು ವಿಳಾಸ ಬರೆದ ಕಾಗದವನ್ನೋ ಕಾರ್ಡನ್ನೋ ಅಲ್ಲಿಟ್ಟುಹೋಗುವರು. ಅವರ ತರುವಾಯ ಬಂದವರು ಅದನ್ನು ತೆಗೆದುಕೊಂಡುಹೋಗಿ ತಮ್ಮ ಊರಿನ ಅಂಚೆಗೆ ಹಾಕುವರು. ಕಾಗದವು ಎಂದು ತಲಪುವುದೆಂಬುದು ಮುಂದಿನ ದಾರಿಗನ ಕಾಲನ್ನು ಅವಲಂಬಿಸಿದ್ದಿತು. ಟಪ್ಪಾಲು ಪೆಟ್ಟಿಗೆಯೆಂಬ ಹೆಸರು ಬಂದುದು ಹೀಗೆ. ೧೯೦೫ರಲ್ಲಿ ಕ್ರಾನ್‌ಮಿಯರ್‌ಗೆ ಹೆಸರು ಬರೆಯುವ ಪುಸ್ತಕ ಬಂದಿತು. ಅನಂತರ ರಬ್ಬರ್ ಮೊಹರೂ ಬಂದಿತು. ಡಾರ್ಟ್‌ಮೂರನ್ನು ಕುರಿತು ೧೯೦೯ರಲ್ಲಿ ಪ್ರಸಿದ್ಧವಾದ ಮಾರ್ಗದರ್ಶಿಯನ್ನು ಬರೆದ ವಿಲಿಯಂ ಕ್ರಾಸಿಂಗ್ ಎಂಬವರ ನೆನಪಿಗಾಗಿ ೧೯೩೮ರಲ್ಲಿ ದಕ್ಷಿಣ ಭಾಗದ ಡಕ್ಸ್ ಪೂಲ್‌ನಲ್ಲಿ ಇನ್ನೊಂದು ಪೆಟ್ಟಿಗೆ ಸ್ಥಾಪಿತವಾಯಿತು. ಬಹುಕಾಲದವರೆಗೆ ಬೆರಳೆಣಿಕೆಯಷ್ಟೇ ಇದ್ದ ಪೆಟ್ಟಿಗೆಗಳು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಾವಿರಗಟ್ಟಲೆಯಾದುವು. ನೂರು ಪೆಟ್ಟಿಗೆಗಳನ್ನು ಕಂಡವರಿಗೆಂದೇ ಅಲ್ಲಿ ಒಂದು ಸಂಘವಿದೆ. ಅಮೆರಿಕದ ಸ್ಮಿತ್‌ಸೋನಿಯನ್ ಮಾಸಪತ್ರಿಕೆಯು ೧೯೯೮ರ ಏಪ್ರಿಲ್ ಸಂಚಿಕೆಯಲ್ಲಿ ಈ ವಿಷಯವಾಗಿ ಲೇಖನವನ್ನು ಪ್ರಕಟಿಸಿದ ಮೇಲೆ ಆ ದೇಶದಲ್ಲಿಯೂ ಆಟ ಹಬ್ಬಿತು.

ಇನ್ನು ನನ್ನ ಅನುಭವ. ೧೯೩೮ರ ಪೆಟ್ಟಿಗೆಗಳಂತೆ ನನ್ನದೇನೂ ಚರಿತ್ರೆಗೆ ಸೇರತಕ್ಕುದಲ್ಲ. ೨೦೧೭ರ ಬೇಸಗೆಯಲ್ಲಿ ನಾನೂ ನನ್ನ ಮನೆಯವರೂ ಎಕ್ಸೆಟರ್ ನಗರದಲ್ಲಿದ್ದ ಮಗಳ ಮನೆಗೆ ಹೋಗಿದ್ದೆವು. ಪಕ್ಕದ ಮನೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದ ಒಬ್ಬ ವೃದ್ಧೆ ಇದ್ದರು. ಒಂಬತ್ತು ವರ್ಷದ ನನ್ನ ಮೊಮ್ಮಗನಿಗೂ ನನಗೂ ಈ ಆಟವನ್ನು ಕಲಿಸಿದವರು ಅವರೇ. ಮೊದಲನೆಯ ಪೆಟ್ಟಿಗೆ ಸಿಕ್ಕಿದ ದಿನ ಹುಡುಗನು ಕುಣಿದಾಡಿಬಿಟ್ಟನು. ಅಂದಿನ ರಾತ್ರಿಯೇ, “ತಾತ, ನಾವೂ ಒಂದು ಇಡೋಣ” ಎಂದು ಹಟ ಹಿಡಿದನು.

ಮೊಹರನ್ನು ನಾವೇ ಕೆತ್ತಿದೆವು. ಪೆನ್ಸಿಲಿನ ಬರಹವನ್ನು ಅಳಿಸುವ ದೊಡ್ಡ ರಬ್ಬರಿನ ಮೇಲೆ ಹುಡುಗನು ಕನ್ನಡದ ‘ಅ’ ಅಕ್ಷರವನ್ನು ಬರೆದನು; ನಾನು ಸಣ್ಣ ಚಾಕುವಿನಿಂದ ಅಂಚನ್ನು ಬಿಡಿಸಿದೆನು. ಮಸಿ ಹಚ್ಚಿ ಒತ್ತಿ ನೋಡಿದರೆ ಅಕ್ಷರವು ಹಿಂದುಮುಂದಾಗಿ ಬಿದ್ದಿತು! ಮೊಹರಿನಲ್ಲಿ ಎಡದ್ದು ಬಲಕ್ಕೆ ಹೋಗುವುದೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ತೆಳ್ಳನೆಯ ಕಾಗದದ ಮೇಲೆ ಪೆನ್ಸಿಲಿನಿಂದ ಒತ್ತಿ ಬರೆದು, ಬರೆದ ಮೈಯನ್ನು ರಬ್ಬರಿನ ಮೇಲೆ ಕವುಚಿ ಉಜ್ಜಿದರೆ ಅಕ್ಷರವು ತಾನಾಗಿಯೇ ತಿರುಗಿ ಮೂಡುವುದು. ಎರಡನೆಯ ಸಲ ಹಾಗೆ ಮಾಡಿದೆವು.

ಬಚ್ಚಿಡುವ ಸ್ಥಳದ ವಿಷಯದಲ್ಲಿಯೂ ನಾವು ತಪ್ಪುವುದರಲ್ಲಿದ್ದೆವು. ಆ ಬಯಲಿನಲ್ಲಿ ಕಂಚಿನ ಯುಗದ ಜನರು ಕಟ್ಟಿದ ಕಲ್ಲಿನ ಗುಡಿಸಲುಗಳ ಸುತ್ತುಪಾಯಗಳು ಹೇರಳವಾಗಿರುವುವು. ಅಂಥದೊಂದರ ಸಂದಿಯಲ್ಲಿ ಇಡೋಣವೆಂದು ಹುಡುಗನು ಓಡಿದನು. ವೃದ್ಧೆಯು ಅವನ ಕೈಹಿಡಿದು ತಡೆದರು. ಪುರಾತನ ಅವಶೇಷಗಳಲ್ಲಿ, ಶವಗಳನ್ನಿಟ್ಟ ಕಲ್ಲುಗೋರಿಗಳಲ್ಲಿ, ಗೋಡೆ ಕಟ್ಟಡಗಳಲ್ಲಿ ಪೆಟ್ಟಿಗೆಯನ್ನು ಇಡಕೂಡದು, ಗಾರೆ ಹಾಕಿ ಕೂಡಿಸಕೂಡದು, ಹುಡುಕುವವರಿಗೆ ಅಪಾಯವಾಗುವ ಎಡೆಯಲ್ಲಿಯೂ ಇಡಕೂಡದು ಎಂದು ಅಲ್ಲಿ ನಿಯಮಗಳುಂಟು. ಉತ್ತರ ಭಾಗದಲ್ಲಿ ಸೈನ್ಯದವರು ಗುಂಡು ಹಾರಿಸುವ ಅಭ್ಯಾಸ ಮಾಡುವ ಪ್ರದೇಶವಿದ್ದು, ಕೆಂಪು ಬಾವುಟ ಹಾರುತ್ತಿರುವಾಗ ಅಲ್ಲಿ ಕಾಲಿಡುವಂತಿಲ್ಲ. ಇವೆಲ್ಲವನ್ನೂ ವಿಚಾರಿಸಿ, ಕಡೆಗೆ ಒಂದು ಟಾರಿನ ಬುಡದಲ್ಲಿ ಸಹಜವಾಗಿ ಬಿದ್ದಿದ್ದ ಬಂಡೆಯ ಅಡಿಯ ಪೊಳ್ಳಿನಲ್ಲಿ ನಮ್ಮ ಪೆಟ್ಟಿಗೆಯನ್ನಿಟ್ಟೆವು. ಆ ಟಾರಿನ ಹೆಸರನ್ನು ಹೇಳುವುದು ಆಟಕ್ಕೆ ಸಲ್ಲದು.

ಅದಾದ ಮರುವರ್ಷವೇ ಅಳಿಯನಿಗೆ ಕೆನಡಾ ದೇಶದಲ್ಲಿ ಕೆಲಸವಾಗಿ ಅವರ ಸಂಸಾರವು ಅಲ್ಲಿಗೆ ಹೊರಟುಹೋಯಿತು. ನಾನು ಮೈಸೂರಿನಲ್ಲಿ, ಹುಡುಗನು ಕೆನಡಾದಲ್ಲಿ, ಪೆಟ್ಟಿಗೆಯು ಡಾರ್ಟ್‌ಮೂರಿನ ಕಲ್ಲಿನಡಿಯಲ್ಲಿ! ಪ್ರವಾಸದ ಉತ್ಸಾಹದಲ್ಲಿ ಇಟ್ಟುಬಂದ ಪೆಟ್ಟಿಗೆಗಳಿಗೆಲ್ಲ ಬರುವ ಕಷ್ಟವಿದು. ೨೦೦೦ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಿಯೋಕ್ಯಾಶಿಂಗ್ ಎಂಬ ಈ ಜಾತಿಯದೇ ಇನ್ನೊಂದು ಆಟವಿದೆ. ಅದರಲ್ಲಿ ಉಪಗ್ರಹಗಳ ನೆರವಿನಿಂದ ಪೆಟ್ಟಿಗೆಯನ್ನು ಹುಡುಕುವರು. ಪ್ರವಾಸಿಗಳು ಇಟ್ಟು ಮರೆತ ಪೆಟ್ಟಿಗೆಗಳ ಕಾಟವನ್ನು ಅರಿತು, ಮನೆಯಿಂದ ಬಹುದೂರದಲ್ಲಿ ಪೆಟ್ಟಿಗೆಯಿಡುವವರು ಅದನ್ನು ನೋಡಿಕೊಳ್ಳುವ ಸ್ಥಳೀಯರೊಬ್ಬರನ್ನು ಗೊತ್ತುಮಾಡಿರಬೇಕೆಂದು ಆ ಆಟದವರು ಕೇಳುವರು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಂತೂ ಅಪ್ಪಣೆಯಿಲ್ಲದೆ ಯಾವ ವಸ್ತುವನ್ನೂ ೨೪ ಗಂಟೆಗೆ ಮೀರಿ ಬಿಟ್ಟುಹೋಗಕೂಡದೆಂದು ಕಾನೂನೇ ಇದೆ.

ನಮ್ಮ ಪುಣ್ಯಕ್ಕೆ ಆ ವೃದ್ಧೆಯು ತಾವಾಗಿಯೇ ಪೆಟ್ಟಿಗೆಯ ಹೊಣೆಯನ್ನು ವಹಿಸಿಕೊಂಡರು. ವರ್ಷಕ್ಕೆ ಎರಡು ಸಲ, ಚಳಿಗಾಲಕ್ಕೆ ಮುಂಚೆ ಒಮ್ಮೆ, ಅದು ಕಳೆದ ಮೇಲೆ ಒಮ್ಮೆ, ಹೋಗಿ ನೋಡಿ ನನಗೆ ಕಾಗದ ಬರೆಯುತ್ತಿದ್ದರು. ಆ ಕಾಗದಗಳಿಂದ ನಾನು ಕಲಿತುದೆಷ್ಟೋ! ಪೆಟ್ಟಿಗೆಯ ಮುಚ್ಚಳವು ಎಷ್ಟೇ ಬಿಗಿಯಾಗಿದ್ದರೂ ಒಳಗಿನ ಪುಸ್ತಕವನ್ನು ಎರಡು ಪದರದ ಚೀಲದಲ್ಲಿಡಬೇಕೆಂದೂ, ಮಸಿಯ ಲೇಖನಿಯ ಬರಹವು ತೇವಕ್ಕೆ ಕದಡುವುದಾದ್ದರಿಂದ ಸೀಸದ ಕಡ್ಡಿಯನ್ನೇ ಇಡಬೇಕೆಂದೂ, ಮಸಿಯ ಮೆತ್ತೆಯು ಒಣಗಿಯೋ ಒಸರಿಯೋ ಕೆಡುವುದರಿಂದ ಅದನ್ನು ಹುಡುಕುವವರೇ ತರುವಂತೆ ಸುಳಿವಿನಲ್ಲಿ ಬರೆಯಬೇಕೆಂದೂ ಅವರು ತಿಳಿಸಿದರು. ನಮ್ಮ ಸುಳಿವಿನಲ್ಲಿ “ಬಾಗಿದ ಒಂಟಿಮರದಿಂದ ನಲವತ್ತು ಹೆಜ್ಜೆ” ಎಂದಿದ್ದಿತು. ಗಾಳಿಗೆ ಆ ಮರವು ಉರುಳಲು, ಅವರು ದಿಕ್ಸೂಚಿಯನ್ನು ಹಿಡಿದು ನಿಂತು, ಕಣ್ಣಿಗೆ ಕಾಣುವ ಮೂರು ಟಾರುಗಳ ದಿಕ್ಕನ್ನು ಅಂಶಗಳಲ್ಲಿ ಅಳೆದು ಹೊಸ ಸುಳಿವನ್ನು ಮಾಡಿಕೊಟ್ಟರು. ಮರ ಬೀಳಬಹುದು, ಬೇಲಿ ಹೋಗಬಹುದು, ಬೆಟ್ಟವು ಕದಲುವುದಿಲ್ಲ.

ಒಂದು ಸಲ ಅವರು ಪುಸ್ತಕದ ಪುಟಗಳ ಚಿತ್ರಗಳನ್ನು ಕಳುಹಿಸಿದ್ದರು. ನಮ್ಮ ‘ಅ’ಕಾರವನ್ನು ಕಂಡು ಯಾರೋ “ಇದು ಏನು?” ಎಂದು ಬರೆದಿದ್ದರು. ಅದರ ಕೆಳಗೆ ಮಗುವಿನ ಕೈಬರಹದಲ್ಲಿ “ಬಸವನಹುಳು” ಎಂದಿದ್ದಿತು. ನಾವು ತಿಳಿಸಿದಂತೆ ಅವರು ಮುಂದಿನ ಸಲ ಹೋದಾಗ, ಇದು ದಕ್ಷಿಣ ಭಾರತದ ಕನ್ನಡವೆಂಬ ಭಾಷೆಯ ಮೊದಲನೆಯ ಅಕ್ಷರವೆಂದು ಅಲ್ಲಿ ಬರೆದಿಟ್ಟರು. ಹಿಂದೆ ಹೇಳಿದ ಹಳೆಯ ಪದ್ಧತಿಯ ನೆನಪಿಗಾಗಿ, ಕೆನಡಾಕ್ಕೆ ಹೊರಡುವ ಮುನ್ನ ಹುಡುಗನು ಅಂಚೆಚೀಟಿ ಅಂಟಿಸಿ ನನ್ನ ವಿಳಾಸ ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದ ಕಾರ್ಡನ್ನು ಯಾರೋ ದಾರಿಗರು ಅಂಚೆಗೆ ಹಾಕಿ, ಅದು ಎರಡು ತಿಂಗಳ ಮೇಲೆ ಮೈಸೂರಿಗೆ ಬಂದು ಮುಟ್ಟಿತು. ಅದನ್ನು ಹಾಕಿದವರ ಹೆಸರು ನಮಗೆ ಇಂದಿಗೂ ತಿಳಿಯದು.

೨೦೨೦ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಇಂಗ್ಲೆಂಡಿನಲ್ಲಿ ಜನರು ಮನೆಯಲ್ಲಿಯೇ ಇರಬೇಕೆಂದು ಆಜ್ಞೆಯಾಯಿತು. ವಯಸ್ಸಾದ ಅವರು ಒಂದು ವರ್ಷಕ್ಕೂ ಮೀರಿ ಅತ್ತ ಹೋಗಲಾಗಲಿಲ್ಲ. ೨೦೨೧ರ ವಸಂತದಲ್ಲಿ ಹೋಗಿ ನೋಡಿದರೆ, ಮುಚ್ಚಳದ ಒಂದು ಮೂಲೆ ಸೀಳಿ ನೀರು ಹೊಕ್ಕು, ಪುಸ್ತಕವು ಹಿಟ್ಟಿನ ಮುದ್ದೆಯಂತಾಗಿದ್ದಿತು. ಮೂರು ವರ್ಷಗಳ ಹೆಸರುಗಳು ಹೋದುವು. ಉಳಿದುದು ಮೊಹರು ಒಂದೇ. ನಾನು ಮೈಸೂರಿನಿಂದ ಹೊಸ ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಿದೆನು. ಪೆಟ್ಟಿಗೆಯನ್ನು ಅವರೇ ಕೊಂಡರು. ಆ ಹಿಂದಿನ ಪುಟಗಳ ಚಿತ್ರ ನಮ್ಮಲ್ಲಿ ಕೆಲವಾದರೂ ಇದ್ದುದು ಅವರ ಮುಂದಾಲೋಚನೆಯ ಫಲ.

೨೦೨೩ರಲ್ಲಿ ಅವರಿಂದ ಚಿಕ್ಕದೊಂದು ಕಾಗದ ಬಂದಿತು. ಮೊಣಕಾಲು ಇನ್ನು ಬೆಟ್ಟ ಹತ್ತಲು ಒಪ್ಪುವುದಿಲ್ಲವೆಂದೂ, ಪೆಟ್ಟಿಗೆಯನ್ನು ಏನುಮಾಡಬೇಕೆಂದು ತಿಳಿಸಬೇಕೆಂದೂ ಬರೆದಿದ್ದರು. ನಾನು ಮೊಮ್ಮಗನನ್ನು ಕೇಳಿದೆನು. ಅವನಿಗೆ ಆಗ ಹದಿನೈದು ವರ್ಷ. “ಅಲ್ಲೇ ಇರಲಿ ಬಿಡಿ ತಾತ. ಕಲ್ಲಿನ ಕೆಳಗೆ ಇದ್ದರೆ ಯಾರಿಗೇನು ತೊಂದರೆ?” ಎಂದನು. ನನಗೂ ಒಳಗೊಳಗೇ ಅದೇ ಆಸೆ. ನಾವು ಮೂವರೂ ಮತ್ತೆ ಕಾಣದ ಆ ಬೆಟ್ಟದಲ್ಲಿ ನಮ್ಮದೆಂಬುದು ಒಂದಾದರೂ ಇರಲಿ ಎನ್ನಿಸಿತು. ಎರಡು ದಿನ ಉತ್ತರ ಬರೆಯದೆ ಕುಳಿತೆನು.

ಆಗ ನನಗೆ ನಮ್ಮ ದೇಶದ ಅರವಟ್ಟಿಗೆಗಳ ನೆನಪಾಯಿತು. ದಾರಿಯ ಬದಿಯಲ್ಲಿ ಚಪ್ಪರ ಹಾಕಿ ಗುಡಾಣಗಳನ್ನಿಡುವುದು ಒಂದು ದಿನದ ಕೆಲಸ. ಅದರಲ್ಲಿ ದಿನವೂ ನೀರು ತುಂಬುವುದು ಬೇಸಗೆ ಮುಗಿಯುವವರೆಗಿನ ಕೆಲಸ. ಆದುದರಿಂದಲೇ ಹಿಂದಿನವರು ಅರವಟ್ಟಿಗೆಯನ್ನು ಇಡಿಸಿ ಸುಮ್ಮನಾಗದೆ, ಅದು ನಡೆಯಲೆಂದು ಭೂಮಿಯನ್ನು ದತ್ತಿಯಾಗಿ ಬಿಟ್ಟ ಸಂಗತಿಗಳು ನಮ್ಮ ಶಾಸನಗಳಲ್ಲಿ ದೊರೆಯುತ್ತವೆ. ನೀರಿಲ್ಲದ ಗುಡಾಣವು ದಾರಿಗನಿಗೆ ಇಲ್ಲದ ಗುಡಾಣಕ್ಕಿಂತ ಹೆಚ್ಚಿನ ದುಃಖವನ್ನು ಕೊಡುವುದು. ನೋಡಿಕೊಳ್ಳುವವರಿಲ್ಲದ ಪೆಟ್ಟಿಗೆಯೂ ಹಾಗೆಯೇ. ಸುಳಿವನ್ನು ನಂಬಿ ಮಂಜಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಕೊಳೆತ ಕಾಗದದ ಮುದ್ದೆ ಸಿಕ್ಕುವುದು. ಒಡೆದ ಚೂರುಗಳು ಮೇಯುವ ಪಶುಗಳ ಬಾಯಿಗೆ ಹೋಗುವುವು. ನಮ್ಮದಲ್ಲದ ನೆಲದಲ್ಲಿ ನಾವು ಬಿಟ್ಟುಬಂದುದು ಬರಿಯ ಕಸವಾಗುವುದು. ಇಟ್ಟವರ ಪ್ರೀತಿಯಿಂದ ಮಾತ್ರವೇ ಪೆಟ್ಟಿಗೆಯೊಳಕ್ಕೆ ಮಳೆ ಹೋಗದಿರುವುದೇ?

ಇದನ್ನು ಹುಡುಗನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸುಳಿವನ್ನೂ ಅಳಿಸಬೇಕಲ್ಲ ತಾತ, ಇಲ್ಲದಿದ್ದರೆ ಜನ ಬಂದು ಹುಡುಕುತ್ತಲೇ ಇರುತ್ತಾರೆ” ಎಂದನು. ನನಗೆ ಹೊಳೆಯದಿದ್ದುದು ಅವನಿಗೆ ಹೊಳೆಯಿತು. ಅವನೇ ಆ ಕೆಲಸವನ್ನು ಮಾಡಿ ಮುಗಿಸಿದನು. ವೃದ್ಧೆಯು ನೆರೆಯ ಹುಡುಗಿಯೊಬ್ಬಳನ್ನು ಕಳುಹಿಸಿ ಪೆಟ್ಟಿಗೆಯನ್ನು ತರಿಸಿ, ಅಡಿಯಲ್ಲಿ ಇಟ್ಟಿದ್ದ ಕಲ್ಲನ್ನೂ ಮೊದಲಿನ ಸ್ಥಳಕ್ಕೆ ಸೇರಿಸಿದರು. ಮೊಹರು ಕೆನಡಾಕ್ಕೆ ಹೋಯಿತು. ಎರಡನೆಯ ಪುಸ್ತಕವು ನನ್ನ ಮೇಜಿನ ಮೇಲಿದೆ. ಅದರಲ್ಲಿ ಅರುವತ್ತೊಂದು ಮೊಹರುಗಳಿವೆ: ಗೂಬೆ, ಹಡಗು, ಚಹದ ಬಟ್ಟಲು, ಒಂದು ಪುಟ್ಟ ಕೈಯ ಗುರುತು. ಕೊನೆಯ ಪುಟದಲ್ಲಿ, ಪೆಟ್ಟಿಗೆಯನ್ನು ತೆಗೆದ ಹುಡುಗಿಯು ತಾರೀಖು ಹಾಕಿ, “ಎಲ್ಲವೂ ಒಣಗಿದ್ದಿತು” ಎಂದು ಬರೆದಿರುವಳು.

ಪ್ರವಾಸದಲ್ಲಿ ಇಂಥದೊಂದು ಪೆಟ್ಟಿಗೆಯನ್ನು ಇಡಬೇಕೆಂದು ಮನಸ್ಸಾಗುವ ವಾಚಕರಿಗೆ ಕೆಲವು ಮಾತುಗಳು. ಮೊದಲು ಆ ನೆಲ ಯಾರದೆಂದು ತಿಳಿದು ಒಪ್ಪಿಗೆ ಪಡೆಯತಕ್ಕದ್ದು. ಆಮೇಲೆ ಅದರ ಸಮೀಪದಲ್ಲಿರುವ, ನಡೆಯುವ ಅಭ್ಯಾಸವುಳ್ಳ ಒಬ್ಬರನ್ನು ಬೇಡಿಕೊಂಡು, ಅವರು ಒಪ್ಪಿದರೆ ಮಾತ್ರ ಮುಂದುವರಿಯತಕ್ಕದ್ದು. ಮೊಹರಿನ ಅಚ್ಚಿನ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡರೆ ಕಳೆದುಹೋದಾಗ ಮತ್ತೆ ಕೆತ್ತಬಹುದು. ಪೆಟ್ಟಿಗೆಯೊಳಗೆ ಇದು ಆಟದ ವಸ್ತುವೆಂದೂ, ತೊಂದರೆಯಾದರೆ ಯಾರಿಗೆ ತಿಳಿಸಬೇಕೆಂದೂ ಚೀಟಿಯಿಡಬೇಕು. ನೋಡಿಕೊಳ್ಳುವವರಿಗೆ ಹೊಸ ಪುಸ್ತಕ, ಚೀಲಗಳನ್ನು ನಾವೇ ಕಳುಹಿಸುತ್ತಿರಬೇಕು. ಅವರ ಕಾಗದಕ್ಕೆ ತಡಮಾಡದೆ ಉತ್ತರ ಬರೆಯಬೇಕು. ಅವರಿಗೆ ಸಾಧ್ಯವಾಗದ ದಿನ ಬಂದಾಗ ಇನ್ನೊಬ್ಬರು ದೊರೆಯದಿದ್ದರೆ ಪೆಟ್ಟಿಗೆಯನ್ನು ತೆಗೆಸಿ ಸುಳಿವನ್ನೂ ಅಳಿಸಬೇಕು. ನಮ್ಮ ನಾಡಿನಲ್ಲಿ ಮಾಡುವವರು ರೈಲು ನಿಲ್ದಾಣ, ಬಸ್ಸು ನಿಲ್ದಾಣ, ದೇವಾಲಯ ಮುಂತಾದ ಜನ ಸೇರುವ ಎಡೆಗಳಲ್ಲಿಯೂ, ರಕ್ಷಿತ ಅರಣ್ಯಗಳಲ್ಲಿಯೂ, ಹಂಪೆಯಂಥ ಪುರಾತನ ಸ್ಥಳಗಳಲ್ಲಿಯೂ ಎಂದಿಗೂ ಇಡಬಾರದು. ವಾರಸುದಾರರಿಲ್ಲದ ಪೆಟ್ಟಿಗೆಯನ್ನು ಕಂಡು ಜನರು ಬೆದರುವರು. ಸ್ನೇಹಿತರ ತೋಟವೋ ಹೊಲದ ಬದುವೋ ಇದಕ್ಕೆ ಸಾಕು.

ಈ ಬೇಸಗೆಗೆ ಮೊಮ್ಮಗನು ಮೈಸೂರಿಗೆ ಬರುವೆನೆಂದು ಬರೆದಿದ್ದಾನೆ. ‘ಅ’ ಮೊಹರನ್ನು ತರುವನಂತೆ. ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ಅವನು ಈ ಸಲ ಕೇಳಿಲ್ಲ, “ನೀವು ವಾರಕ್ಕೊಮ್ಮೆ ನಡೆದುಹೋಗುವ ದಾರಿ ಯಾವುದು ತಾತ?” ಎಂದು ಕೇಳಿದ್ದಾನೆ.